ಕೊಡಗಿನ ಮನೆಗಳಲ್ಲಿ ಕೋವಿಯ ಸಂರಕ್ಷಣೆ

ಕೊಡಗಿನಲ್ಲಿ ಕೋವಿಯು ಬೇಟೆಯ ಉಪಕರಣವಾಗಿಯೋ ಬೆಳೆಯ ಕಾವಲಿನ ಆಯುಧವಾಗಿಯೋ ಮಾತ್ರ ಉಳಿದುಕೊಂಡು ಬಂದುದಲ್ಲ; ಮನೆತನದ ಆಚಾರಗಳಲ್ಲಿ ಅದಕ್ಕೆ ಗೊತ್ತಾದ ಸ್ಥಾನವುಂಟು. ಗಂಡುಮಗು ಹುಟ್ಟಿದಾಗ ಒಂದು ಈಡನ್ನು ಹಾರಿಸಿ ನೆರೆಹೊರೆಗೆ ತಿಳಿಯಪಡಿಸುವುದು, ಮರಣವಾದಾಗ ಎರಡು ಈಡುಗಳನ್ನು ಹಾರಿಸುವುದು, ಹುತ್ತರಿಯ ಇರುಳು ಹೊಸ ಕದಿರನ್ನು ಕೊಯ್ಯುವ ಮುಹೂರ್ತವನ್ನು ಕೋವಿಯ ಸದ್ದಿನಿಂದ ಸಾರುವುದು, ಇವೆಲ್ಲವೂ ಪ್ರಸಿದ್ಧವಾದ ಪದ್ಧತಿಗಳು. ೧೮೩೪ರಲ್ಲಿ ಕೊಡಗು ಇಂಗ್ಲಿಷರ ವಶವಾಯಿತು. ೧೮೫೭ರ ದಂಗೆಯ ತರುವಾಯ ಜನರಿಂದ ಆಯುಧಗಳನ್ನು ಹಿಂದಕ್ಕೆ ತೆಗೆದುಕೊಳ್ಳುವ ಶಾಸನವು ಬಂದಿತು. ಆದರೆ ೧೮೬೧ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಆ ಶಾಸನದಿಂದ ಹೊರತುಪಡಿಸಿದನು. ೧೯೫೯ರ ಆಯುಧಗಳ ಅಧಿನಿಯಮವು ಬಂದ ಮೇಲೆಯೂ ಕೊಡವ ಜನಾಂಗದವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯ ವಿಷಯದಲ್ಲಿ ವಿನಾಯಿತಿಯು ಮುಂದುವರಿಯಿತು. ೨೦೧೯ರಲ್ಲಿ ಕೇಂದ್ರ ಸರ್ಕಾರವು ಅದನ್ನು ಹತ್ತು ವರ್ಷಗಳ ಅವಧಿಗೆ ವಿಸ್ತರಿಸಿತು. ೨೦೨೧ರಲ್ಲಿ ಕರ್ಣಾಟಕದ ಉಚ್ಚ ನ್ಯಾಯಾಲಯವು ಅದು ಸಿಂಧುವೆಂದು ತೀರ್ಪಿತ್ತಿತು.

ಹೀಗೆ ರಾಜಶಾಸನವು ಕೋವಿಯನ್ನು ಮನೆಯಲ್ಲಿಯೇ ಉಳಿಯಗೊಟ್ಟಿತಾದರೂ, ಆ ದೇಶದ ಮಳೆಯು ಅದಕ್ಕೆ ಅಷ್ಟು ಉದಾರವಾಗಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ ೩,೦೦೦ ಮಿಲಿಮೀಟರಿಗೂ ಮೀರಿ ಮಳೆ ಬೀಳುವುದು; ಭಾಗಮಂಡಲದ ಕಡೆಗೆ ಇನ್ನೂ ಬಹಳ ಹೆಚ್ಚು. ಅದರಲ್ಲಿ ಬಹುಭಾಗವು ಜೂನಿನಿಂದ ಸೆಪ್ಟೆಂಬರಿನವರೆಗಿನ ನಾಲ್ಕು ತಿಂಗಳುಗಳಲ್ಲಿಯೇ ಸುರಿಯುವುದು. ಬಟ್ಟೆ ಒಣಗದೆ, ಉಪ್ಪು ನೀರಾಗಿ, ಪುಸ್ತಕಗಳಿಗೆ ಬೂಷ್ಟು ಹಿಡಿಯುವ ಈ ಕಾಲದಲ್ಲಿ ಕಬ್ಬಿಣದ ನಳಿಗೆಯೊಂದು ಎರಡು ಮೂರು ತಲೆಮಾರು ಬಾಳುವುದೆಂದರೆ ಅದು ತಾನಾಗಿ ಆಗತಕ್ಕ ಕಾರ್ಯವಲ್ಲ. ಕೆಲವು ಮನೆಗಳಲ್ಲಿ ಅಜ್ಜನ ಕಾಲದ ಕೋವಿಯು ನೆಟ್ಟಗೆ ಉಳಿದಿರುವಾಗ ಮತ್ತೆ ಕೆಲವು ಮನೆಗಳಲ್ಲಿ ಇತ್ತೀಚಿನದೇ ಹಾಳಾಗಿರುವುದಕ್ಕೆ ಕಾರಣವೇನೆಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ವಿಚಾರಕ್ಕೆ ಶಬ್ದಗಳಿಂದ ತೊಡಗುವುದು ಅನುಚಿತವಾಗಲಾರದು. ಬಂದೂಕು ಎಂಬ ಪದವು ಪಾರಸಿ ಅರಬ್ಬಿಗಳ ಮಾರ್ಗವಾಗಿ ಬಂದುದು. ತುಪಾಕಿಯು ತುರ್ಕಿ ಭಾಷೆಯ ಮೂಲದ್ದು, ಕನ್ನಡದಂತೆಯೇ ತಮಿಳು ತೆಲುಗುಗಳಲ್ಲಿಯೂ ನೆಲಸಿರುವುದು. ಕೋವಿಯಾದರೋ ದೇಶ್ಯಪದ, ಟೊಳ್ಳಾದ ಕೊಳವೆಯೆಂಬುದೂ ಅದರ ಅರ್ಥವೇ. ಕೊಡವರ ನುಡಿಯಲ್ಲಿ ಇದಕ್ಕೆ ತೋಕ್ ಎಂದು ಹೆಸರು. ಕನ್ನಡದ ಈ ಹೆಸರು ಆಯುಧದ ಮರ್ಮವನ್ನು ಚೆನ್ನಾಗಿ ಹಿಡಿದಿದೆ. ಕತ್ತಿಗೆ ತುಕ್ಕು ಹತ್ತಿದರೆ ಕಣ್ಣಿಗೆ ಕಾಣುವುದು. ಕೋವಿಗೆ ಹತ್ತುವ ತುಕ್ಕಿನಲ್ಲಿ ಅಪಾಯಕರವಾದುದು ಕೊಳವೆಯ ಒಳಗೆ, ಕಣ್ಣಿಗೆ ಮರೆಯಾಗಿ, ಬೆಳೆಯುವುದು. ಹೊರಮೈ ಥಳಥಳಿಸುತ್ತಿದ್ದು ಒಳಮೈ ಕುಳಿಬಿದ್ದ ಕೋವಿಗಳು ಅಪೂರ್ವವಲ್ಲ.

ತುಕ್ಕು ಎಂಬುದಕ್ಕೆ ತೆಲುಗಿನಲ್ಲಿ ತುಪ್ಪು, ತಮಿಳಿನಲ್ಲಿ ತುರು, ಮಲೆಯಾಳದಲ್ಲಿ ತುರುಂಬು ಎಂದಿರುವುವು. ಕನ್ನಡದಲ್ಲಿ ಇದರ ಜೊತೆಗೆ ಕಿಲುಬು ಎಂಬ ಇನ್ನೊಂದು ಮಾತುಂಟು. ಬಳಕೆಯಲ್ಲಿ ಎರಡನ್ನೂ ಬೆರಸುವುದುಂಟಾದರೂ, ತಾಮ್ರ ಹಿತ್ತಾಳೆಗಳ ಹಸುರು ಕಿಟ್ಟವನ್ನು ಕಿಲುಬೆಂದೂ ಕಬ್ಬಿಣದ ಕೆಂಪನ್ನು ತುಕ್ಕೆಂದೂ ಬೇರ್ಪಡಿಸುವುದು ಯುಕ್ತ. ಏಕೆಂದರೆ ಎರಡರ ಸ್ವಭಾವವೂ ಒಂದೇ ಅಲ್ಲ. ತಾಮ್ರದ ಮೇಲೆ ಕಟ್ಟುವ ಪೊರೆಯು ಬಹುಮಟ್ಟಿಗೆ ಅಡಿಯ ಲೋಹವನ್ನು ಮುಚ್ಚಿ ಕಾಯುವುದು. ಕಬ್ಬಿಣದ ತುಕ್ಕು ಹಾಗಲ್ಲ. ಅದು ಬಿರುಕುಬಿಟ್ಟು, ಸಡಿಲವಾಗಿ, ಸ್ಪಂಜಿನಂತೆ ತೇವವನ್ನು ಹೀರಿ ಹಿಡಿದುಕೊಂಡು, ತನ್ನ ಕೆಳಗಿನ ಹೊಸ ಲೋಹವನ್ನು ತಿನ್ನುತ್ತಲೇ ಹೋಗುವುದು. ಲೋಹಕಿಟ್ಟವು ಹಳೆಯದಾದಷ್ಟೂ ಗುಣವುಳ್ಳದ್ದೆಂದು ವೈದ್ಯಶಾಸ್ತ್ರವು ಹೇಳಿ ಮಂಡೂರವನ್ನು ಔಷಧಕ್ಕೆ ಬಳಸಿಕೊಂಡಿತು. ಕೋವಿಯ ಒಡೆಯನಿಗೆ ಆ ಸಮಾಧಾನವೂ ಇಲ್ಲ.

ಇಲ್ಲಿ ಒಂದು ಆಕ್ಷೇಪವು ಸಹಜವಾಗಿ ಏಳುವುದು. ದೆಹಲಿಯ ಉಕ್ಕಡದಂತಹ ಕಬ್ಬಿಣದ ಕಂಬವು ಸುಮಾರು ೧,೬೦೦ ವರ್ಷಗಳಿಂದ ಬಯಲಿನಲ್ಲಿ ನಿಂತಿದೆ. ಅಷ್ಟು ದೂರವೇಕೆ, ಕೊಡಚಾದ್ರಿಯಲ್ಲಿ ಮೂಲ ಮೂಕಾಂಬಿಕೆಯ ಗುಡಿಯ ಮುಂದಿನ ಕಬ್ಬಿಣದ ಕಂಬವು ಸಹ್ಯಾದ್ರಿಯ ಮಳೆಯನ್ನೇ ಸಹಿಸಿಕೊಂಡು ಉಳಿದಿದೆ. ಆಕಾಶದ ಕೆಳಗೆ ನೆನೆಯುವ ಕಬ್ಬಿಣವು ಬದುಕಿ, ಮಾಡಿನ ಕೆಳಗೆ ಬಟ್ಟೆಯಲ್ಲಿ ಸುತ್ತಿಟ್ಟ ಕಬ್ಬಿಣವು ಏಕೆ ಕೆಡಬೇಕು? ಉತ್ತರದ ಒಂದು ಭಾಗವು ಲೋಹದಲ್ಲಿದೆ. ದೆಹಲಿಯ ಕಂಬದಲ್ಲಿ ರಂಜಕದ ಅಂಶವು ಹೆಚ್ಚಾಗಿದ್ದು, ಅದರ ದೆಸೆಯಿಂದ ಮೇಲೆ ಕಾಪಿನ ಪೊರೆಯೊಂದು ಕಟ್ಟಿರುವುದೆಂದು ಲೋಹಶಾಸ್ತ್ರಜ್ಞರು ತೋರಿಸಿರುವರು. ಕೋವಿಯ ನಳಿಗೆಯ ಉಕ್ಕಿನಲ್ಲಿ ಅದು ಇರುವುದಿಲ್ಲ, ಇರಲೂ ಕೂಡದು. ಆದರೆ ಇನ್ನೊಂದು ಭಾಗವು ಗಾಳಿಯಲ್ಲಿದೆ, ಮತ್ತು ಪ್ರಕೃತ ವಿಷಯಕ್ಕೆ ಅದೇ ಮುಖ್ಯ. ಬಯಲಿನ ಕಂಬವು ನೆನೆಯುವುದು, ಮಳೆಯಿಂದ ತೊಳೆಯಲ್ಪಡುವುದು, ಗಾಳಿಬಿಸಿಲುಗಳಿಂದ ಬೇಗನೆ ಒಣಗುವುದು. ಸುತ್ತಿಟ್ಟ ಕೋವಿಯು ಎಂದೂ ನೆನೆಯುವುದಿಲ್ಲ. ಎಂದೂ ಒಣಗುವುದೂ ಇಲ್ಲ. ಮಳೆಯೇ ಕೋವಿಯ ಶತ್ರುವೆಂದು ಬಗೆದು ಅದನ್ನು ಮುಚ್ಚಿಡುವವರು ನಿಜವಾದ ಶತ್ರುವನ್ನು ಅದರೊಡನೆಯೇ ಒಳಗಿಟ್ಟು ಮುಚ್ಚುತ್ತಿರುವರೆಂಬುದನ್ನು ಮುಂದೆ ವಿವರಿಸಲಾಗುವುದು.

ಕಬ್ಬಿಣವು ತುಕ್ಕಾಗುವುದಕ್ಕೆ ನೀರೂ ಆಮ್ಲಜನಕವೂ ಎರಡೂ ಬೇಕು. ನೀರೆಂದರೆ ಹನಿಯಾಗಿಯೇ ಇರಬೇಕೆಂಬ ನಿಯಮವಿಲ್ಲ. ಲೋಹದ ಮೈಗೆ ಅಂಟಿಕೊಂಡ, ಕಣ್ಣಿಗೆ ಕಾಣದಷ್ಟು ತೆಳುವಾದ ಪಟಲವೇ ಸಾಕು. ವರ್ನನ್ ಎಂಬ ಇಂಗ್ಲಿಷ್ ರಸಾಯನಜ್ಞನು ೧೯೨೦ರ ಮತ್ತು ೧೯೩೦ರ ದಶಕಗಳಲ್ಲಿ ನಡಸಿದ ಪ್ರಯೋಗಗಳಿಂದ ಈ ವಿಷಯದಲ್ಲಿ ಒಂದು ಎಲ್ಲೆಯು ಗೊತ್ತಾಯಿತು. ಗಾಳಿಯು ಆ ಉಷ್ಣತೆಯಲ್ಲಿ ಹಿಡಿಯಬಲ್ಲಷ್ಟು ನೀರಾವಿಯಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲಿಗಿಂತ ಕಡಮೆಯಿದ್ದರೆ ತುಕ್ಕು ಬಹಳ ಮೆಲ್ಲಗೆ ನಡೆಯುವುದು. ಆ ಎಲ್ಲೆಯನ್ನು ದಾಟಿದರೆ, ಅದರಲ್ಲಿಯೂ ಹೊಗೆಯ ಗಂಧಕಾಂಶವೋ ಲವಣವೋ ಧೂಳೋ ಜೊತೆಗೂಡಿದರೆ, ವೇಗವು ಥಟ್ಟನೆ ಏರುವುದು. ಆದುದರಿಂದ ಗೃಹಸ್ಥನ ಗುರಿಯು ತೇವವನ್ನು ನಿರ್ಮೂಲ ಮಾಡುವುದಲ್ಲ, ಅರವತ್ತರ ಕೆಳಗೆ, ಸಾಧ್ಯವಾದರೆ ಐವತ್ತರ ಹತ್ತಿರ, ಅದನ್ನು ನಿಲ್ಲಿಸುವುದು. ತೀರ ಒಣಗಿಸಿದರೆ ಮರದ ಹಿಡಿಯು ಸೀಳುಬಿಡುವುದೆಂಬುದನ್ನೂ ನೆನಪಿನಲ್ಲಿಡಬೇಕು.

ಆರ್ದ್ರತೆಯೂ ಉಷ್ಣತೆಯೂ ಒಂದಕ್ಕೊಂದು ಹೇಗೆ ಹೊಂದಿಕೊಂಡಿರುವುವೆಂಬುದನ್ನು ಲೆಕ್ಕದಿಂದ ತಿಳಿಯುವುದು ಸುಲಭ. ೨೦ ಡಿಗ್ರಿ ಸೆಂಟಿಗ್ರೇಡಿನ ಒಂದು ಘನಮೀಟರು ಗಾಳಿಯು ಹೆಚ್ಚೆಂದರೆ ೧೭.೩ ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. ೨೫ ಡಿಗ್ರಿಯಲ್ಲಿ ೨೩ ಗ್ರಾಂ. ೩೦ ಡಿಗ್ರಿಯಲ್ಲಿ ೩೦.೪ ಗ್ರಾಂ. ಮಳೆಗಾಲದ ಕೋಣೆಯೊಂದರಲ್ಲಿ ಉಷ್ಣತೆಯು ೨೦ ಡಿಗ್ರಿ, ಆರ್ದ್ರತೆಯು ನೂರಕ್ಕೆ ೮೦ ಎಂದಿಟ್ಟುಕೊಂಡರೆ, ಗಾಳಿಯಲ್ಲಿರುವ ನೀರಾವಿಯು ಸುಮಾರು ೧೩.೮ ಗ್ರಾಂ. ಅದೇ ಗಾಳಿಯನ್ನು, ಅದಕ್ಕೆ ಏನನ್ನೂ ಕೂಡಿಸದೆ ಏನನ್ನೂ ಕಳೆಯದೆ, ೨೫ ಡಿಗ್ರಿಗೆ ಬೆಚ್ಚಗೆ ಮಾಡಿದರೆ ಆರ್ದ್ರತೆಯು ೬೦ಕ್ಕೆ ಇಳಿಯುವುದು. ಆರ್ದ್ರತೆ ೯೦ ಇದ್ದರೆ ಏಳು ಡಿಗ್ರಿಯಷ್ಟು ಬೆಚ್ಚಗೆ ಮಾಡಬೇಕಾದೀತು. ಕಪಾಟಿನ ತಳದಲ್ಲಿ ಸಣ್ಣದೊಂದು ವಿದ್ಯುತ್ತಿನ ಕಾವುಕೋಲನ್ನು ಇಡುವ ಇಂದಿನ ಪದ್ಧತಿಯ ತತ್ತ್ವವು ಇಷ್ಟೆ. ಅದು ನೀರನ್ನು ಹೊರಗೆ ಹಾಕುವುದಿಲ್ಲ. ಗಾಳಿಯ ಹಸಿವನ್ನು ಹೆಚ್ಚಿಸುವುದು.

ಇದೇ ಲೆಕ್ಕವನ್ನು ತಿರುಗಿಸಿ ನೋಡಿದರೆ ಇನ್ನೊಂದು ಮುಖ್ಯಾಂಶವು ಹೊರಬೀಳುವುದು. ೨೦ ಡಿಗ್ರಿಯಲ್ಲಿ ೯೦ರ ಆರ್ದ್ರತೆಯುಳ್ಳ ಗಾಳಿಯು, ತನಗಿಂತ ಎರಡು ಡಿಗ್ರಿಯಷ್ಟು ಮಾತ್ರ ತಣ್ಣಗಿರುವ ವಸ್ತುವನ್ನು ಮುಟ್ಟಿದರೂ, ಅದರ ಮೇಲೆ ಇಬ್ಬನಿಯಾಗಿ ಇಳಿಯುವುದು. ಇರುಳೆಲ್ಲ ತಣ್ಣಗಾದ ನಳಿಗೆಯು ಬೆಳಗ್ಗೆ ಕೋಣೆಯ ಗಾಳಿಯಷ್ಟು ಬೇಗನೆ ಬೆಚ್ಚಗಾಗದು. ದಪ್ಪ ಲೋಹಕ್ಕೆ ಕಾಲ ಬೇಕು. ಆ ನಡುವೆ ಬಾಗಿಲನ್ನು ತೆರೆದು ಹೊರಗಿನ ಹಸಿಗಾಳಿಯನ್ನು ಒಳಕ್ಕೆ ಬಿಟ್ಟರೆ ಕೋವಿಯು ಬೆವರುವುದು. ಮಳೆ ಹೊಳವಾದ ಮೊದಲನೆಯ ದಿನವೇ ಎಲ್ಲವನ್ನೂ ಗಾಳಿಗಿಡಬೇಕೆಂಬ ಆತುರವು ಈ ಕಾರಣದಿಂದ ಕೆಲವು ವೇಳೆ ಮಳೆಗಿಂತಲೂ ಹೆಚ್ಚು ಕೇಡನ್ನುಂಟುಮಾಡುವುದು. ಮಂಜಿನ ಕಾಡಿನಿಂದ ಬಂದ ಕೋವಿಯನ್ನು ಒಲೆ ಉರಿಯುತ್ತಿರುವ ಅಡಿಗೆಮನೆಗೆ ನೇರವಾಗಿ ತಂದಾಗ ಆಗುವುದೂ ಇದೇ.

ತೇವಕ್ಕಿಂತಲೂ ಕೆಟ್ಟುದು ಲವಣ. ಈ ಅಂಶವು ಕೊಡಗಿನ ಹಳೆಯ ಮಸಿಕೋವಿಗಳಿಗೆ ವಿಶೇಷವಾಗಿ ಅನ್ವಯಿಸುವುದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕಾಗಿದೆ. ಕರಿಮದ್ದಿನಲ್ಲಿ ಪೆಟ್ಲುಪ್ಪು ನೂರಕ್ಕೆ ೭೫, ಇದ್ದಿಲು ೧೫, ಗಂಧಕ ೧೦ ಪಾಲು ಇರುವುದು ವಾಡಿಕೆ. ಇದು ಉರಿದಾಗ ಎಲ್ಲವೂ ಹೊಗೆಯಾಗಿ ಹೋಗುವುದೆಂದು ಜನರು ಎಣಿಸುವರು. ವಾಸ್ತವವಾಗಿ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವು ಘನಪದಾರ್ಥವಾಗಿಯೇ ಉಳಿಯುವುದು. ಆ ಮಡ್ಡಿಯಲ್ಲಿ ಪೊಟಾಸಿಯಮ್ಮಿನ ಕಾರ್ಬನೇಟು, ಸಲ್ಫೇಟು, ಸಲ್ಫೈಡುಗಳಿರುವುವು. ಇವುಗಳಲ್ಲಿ ಕಾರ್ಬನೇಟು ಗಾಳಿಯ ತೇವವನ್ನು ತಾನೇ ಎಳೆದುಕೊಂಡು ನೀರಾಗತಕ್ಕ ಸ್ವಭಾವದ್ದು. ಅಂದರೆ ಹಾರಿಸಿ ತೊಳೆಯದೆ ಇಟ್ಟ ಕೋವಿಯ ಒಳಗೆ ಒಂದು ನೀರಿನ ಬುಗ್ಗೆಯನ್ನೇ ಇಟ್ಟಂತಾಗುವುದು. ಹೊರಗೆ ಬೇಸಗೆಯಿದ್ದರೂ ಅದು ಬತ್ತದು. ಕೇಪಿನ ಕೋವಿಗಳು ಬಂದ ಮೇಲೆ ಇನ್ನೊಂದು ಲವಣವು ಸೇರಿತು. ಹಿಂದಿನ ಕೇಪುಗಳಲ್ಲಿಯೂ ತೋಟೆಗಳ ತಳದ ಸಿಡಿಮದ್ದಿನಲ್ಲಿಯೂ ಪೊಟಾಸಿಯಂ ಕ್ಲೋರೇಟು ಇರುತ್ತಿದ್ದು, ಅದು ಸಿಡಿದ ಬಳಿಕ ಪೊಟಾಸಿಯಂ ಕ್ಲೋರೈಡಾಗಿ ನಳಿಗೆಯಲ್ಲಿ ಕೂರುತ್ತಿದ್ದಿತು. ಇದು ಗುಣದಲ್ಲಿ ಅಡಿಗೆಯ ಉಪ್ಪಿನ ತಮ್ಮನೇ ಸರಿ. ಈಗಿನ ತೋಟೆಗಳಲ್ಲಿ ಸಾಮಾನ್ಯವಾಗಿ ಇಂತಹ ಸಿಡಿಮದ್ದನ್ನು ಬಳಸುವುದಿಲ್ಲವಾದರೂ ಮಸಿಕೋವಿಯ ಮಾತು ಹಿಂದಿನಂತೆಯೇ ಇದೆ.

ಲವಣವು ಎಣ್ಣೆಯಲ್ಲಿ ಕರಗುವುದಿಲ್ಲ. ಎಣ್ಣೆಬಟ್ಟೆಯಿಂದ ಎಷ್ಟು ಸಲ ಉಜ್ಜಿದರೂ ಲವಣದ ಮೇಲೆ ಎಣ್ಣೆಯ ಮುಸುಕೆಳೆದಂತಾಗುವುದೇ ಹೊರತು ಅದು ಹೋಗುವುದಿಲ್ಲ. ಅದನ್ನು ತೆಗೆಯತಕ್ಕದ್ದು ನೀರು, ಅದರಲ್ಲಿಯೂ ಕುದಿಯುವ ನೀರು. ತುಕ್ಕಿಗೆ ಹೆದರುವವನಿಗೆ ಇದು ವಿಪರೀತವಾಗಿ ತೋರಬಹುದು. ಆದರೆ ಬ್ರಿಟಿಷ್ ಸೈನಿಕರು ಸಹ ಆಲಿಕೆಯಿಂದ ಬಿಸಿನೀರನ್ನು ನಳಿಗೆಯೊಳಗೆ ಹೊಯ್ದೇ ರೈಫಲುಗಳನ್ನು ಶುದ್ಧಿ ಮಾಡುತ್ತಿದ್ದರು. ಕುದಿನೀರಿನಿಂದ ಲೋಹವು ಕಾದು, ಉಳಿದ ತೇವವು ತಾನಾಗಿ ಆವಿಯಾಗುವುದು. ಒಣಬಟ್ಟೆಯನ್ನು ಗಜಕ್ಕೆ ಸುತ್ತಿ ಎರಡು ಮೂರು ಸಲ ಎಳೆದು, ನಳಿಗೆಯಲ್ಲಿ ಇನ್ನೂ ಬಿಸಿಯಿರುವಾಗಲೇ ಎಣ್ಣೆಯನ್ನು ಹಚ್ಚತಕ್ಕದ್ದು. ಈ ಕೆಲಸಕ್ಕೆ ಮೊದಲು ಕೋವಿಯಲ್ಲಿ ಈಡಿಲ್ಲವೆಂಬುದನ್ನು ಗೊತ್ತುಮಾಡಿಕೊಳ್ಳಬೇಕೆಂದು ಹೇಳಬೇಕಾದುದೇ ಇಲ್ಲವಾದರೂ, ಬಾಯಿಂದ ತುಂಬುವ ಕೋವಿಗಳಲ್ಲಿ ಅದು ನೋಟಕ್ಕೆ ತಿಳಿಯದು. ಗಜವನ್ನು ಒಳಗೆ ಇಳಿಬಿಟ್ಟು, ಅದು ಎಷ್ಟು ಆಳ ಹೋಯಿತೆಂಬುದನ್ನು ನಳಿಗೆಯ ಹೊರಗಿಟ್ಟು ಅಳೆದು ನೋಡುವುದೇ ಉಪಾಯ. ತಳವನ್ನು ಮುಟ್ಟದಿದ್ದರೆ ಹಳೆಯ ಮದ್ದುಗುಂಡುಗಳು ಒಳಗಿರುವುವೆಂದು ತಿಳಿಯಬೇಕು. ತುಂಬಿಸಿ ತಿಂಗಳುಗಟ್ಟಲೆ ಇಡುವುದು ಮನೆಯವರಿಗೆ ಅಪಾಯಕರವಾಗಿರುವಂತೆಯೇ ಲೋಹಕ್ಕೂ ಹಾನಿಕರ. ಈಡಿನ ಒತ್ತಡವನ್ನು ಹೊರಬೇಕಾದ ತಳದಲ್ಲಿಯೇ ತೇವಹೀರುವ ಮದ್ದು ಕುಳಿತು ಅದನ್ನು ಸವೆಸುವುದು. ಕುಳಿಬಿದ್ದ ನಳಿಗೆಯು ಒಡೆದರೆ ಕೈಯೂ ಕಣ್ಣೂ ಹೋಗುವುವು. ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಹೊಸೆದು ಬೆಸೆದು ಮಾಡಿದ ಡಮಾಸ್ಕಸ್ ನಳಿಗೆಗಳಲ್ಲಿ ಬೆಸುಗೆಯ ಸಂದುಗಳ ಗುಂಟ ತುಕ್ಕು ಇಳಿಯಬಹುದಾದುದರಿಂದ ಅಪಾಯವು ಮತ್ತೂ ಹೆಚ್ಚು. ಅಂತಹವನ್ನು ಈಗಿನ ಬಲವಾದ ಮದ್ದಿನಿಂದ ಹಾರಿಸಲೇ ಕೂಡದು.

ಇನ್ನು ಕೊಡಗಿನ ವರ್ಷಚಕ್ರದ ಕಡೆಗೆ ತಿರುಗಬಹುದು. ಸೂರ್ಯನು ಸಿಂಹರಾಶಿಯನ್ನು ಪ್ರವೇಶಿಸಿದ ಹದಿನೆಂಟನೆಯ ದಿನದ ಲೆಕ್ಕದಲ್ಲಿ, ಸಾಮಾನ್ಯವಾಗಿ ಸೆಪ್ಟೆಂಬರ್ ೩ರಂದು, ಕೈಲ್‌ಪೊಳ್ದ್ ಎಂಬ ಹಬ್ಬವು ಬರುವುದು; ಕನ್ನಡದಲ್ಲಿ ಇದನ್ನು ಕೈಲ್ ಮುಹೂರ್ತವೆನ್ನುವರು. ನಾಟಿಯ ಕೆಲಸವು ಮುಗಿಯುವವರೆಗೆ ಆಯುಧಗಳನ್ನು ಕನ್ನಿಕೋಂಬರೆಯೆಂಬ ದೇವರಕೋಣೆಯಲ್ಲಿ ಇಟ್ಟಿದ್ದು, ಹಬ್ಬದ ದಿನ ಹೊರತೆಗೆದು, ಶುದ್ಧಿಮಾಡಿ, ಹೂವಿನಿಂದ ಅಲಂಕರಿಸಿ, ನೆಲ್ಲಕ್ಕಿ ನಡುಬಾಡೆಯೆಂಬ ನಡುಮನೆಯಲ್ಲಿ ಇಟ್ಟು ಪೂಜಿಸುವರು. ಅಲಂಕಾರಕ್ಕೆ ಮುಖ್ಯವಾದ ಹೂವು ಸಂಸ್ಕೃತದಲ್ಲಿ ಲಾಂಗಲಿ, ಅಗ್ನಿಶಿಖೆ ಎಂಬ ಹೆಸರುಗಳುಳ್ಳದ್ದು. ಕೊಡವರು ಅದನ್ನು ತೋಕ್‌ಪೂ, ಎಂದರೆ ಕೋವಿಯ ಹೂವು, ಎಂದೇ ಕರೆಯುವರು. ಬಂದೂಕು ಈ ನಾಡಿಗೆ ಬಂದ ಮೇಲೆ ಹುಟ್ಟಿದ ಹೆಸರಿದು. ನೇಗಿಲಿನಿಂದ ಹೆಸರಾದ ಲಾಂಗಲಿಯು ಕೊಡಗಿನಲ್ಲಿ ಕೋವಿಯ ಹೂವಾದುದನ್ನು ಶಬ್ದವಿಚಾರದಲ್ಲಿ ಆಸಕ್ತಿಯುಳ್ಳವರು ಗಮನಿಸಬಹುದು.

ಮಳೆಗಾಲಕ್ಕೆ ಮುಂಚೆ ಆಯುಧವನ್ನು ಒಳಗಿಟ್ಟು ಮಳೆ ಇಳಿಮುಖವಾಗುವಾಗ ಹೊರತೆಗೆದು ಶುದ್ಧಿಮಾಡುವ ಈ ಕ್ರಮವು ತುಕ್ಕಿನ ನಿವಾರಣೆಗಾಗಿಯೇ ಹಿರಿಯರು ಏರ್ಪಡಿಸಿದುದೆಂದು ಹೇಳಿಬಿಡುವ ಪ್ರಲೋಭನೆಯು ಸಹಜವಾದುದು. ಆದರೆ ಹಾಗೆ ಹೇಳುವುದಕ್ಕೆ ಆಧಾರ ಸಾಲದು. ಬೇಸಾಯದ ಕಾಲದಲ್ಲಿ ಕೈಗಳೆಲ್ಲ ಗದ್ದೆಗೆ ಬೇಕು. ನಾಟಿಯಾದ ಬಳಿಕ ಹಂದಿಯೇ ಮೊದಲಾದ ಮೃಗಗಳಿಂದ ಬೆಳೆಯನ್ನು ಕಾಯಲು ಆಯುಧವು ಬೇಕು. ಹಬ್ಬದ ಅರ್ಥವು ಇಷ್ಟರಿಂದಲೇ ಸಮರ್ಪಕವಾಗಿ ತಿಳಿಯುವುದು. ವರ್ಷಕ್ಕೊಮ್ಮೆ ತಪ್ಪದೆ ನಡೆಯುವ ಶುದ್ಧಿಯು ಆಚಾರದಿಂದ ಬಂದ ಉಪಫಲ. ಅದರಿಂದ ಅನೇಕ ಕೋವಿಗಳು ಉಳಿದಿರುವುದು ನಿಜವೇ. ಆದರೆ ಲೋಹದ ದೃಷ್ಟಿಯಿಂದ ನೋಡಿದರೆ ಆ ಶುದ್ಧಿಯು ಬರುವುದು ಕೆಡುಕಿನ ತಿಂಗಳುಗಳು ಕಳೆದ ಮೇಲೆ. ಒಳಗಿಡುವುದಕ್ಕೆ ಮುಂಚಿನ ಶುದ್ಧಿಯೇ ಹೆಚ್ಚು ಬೆಲೆಯುಳ್ಳದ್ದು. ಹುತ್ತರಿಯಲ್ಲಿ ಹಾರಿಸಿದ ಕರಿಮದ್ದಿನ ಮಡ್ಡಿಯು ಹಾಗೆಯೇ ಉಳಿದು ಜೂನಿನಲ್ಲಿ ಕನ್ನಿಕೋಂಬರೆಯನ್ನು ಸೇರಿದರೆ, ಸೆಪ್ಟೆಂಬರಿನಲ್ಲಿ ಹೊರಬರುವ ಕೋವಿಯ ಸ್ಥಿತಿಯನ್ನು ಬೇರೆ ವರ್ಣಿಸಬೇಕಾಗಿಲ್ಲ. ಪೂಜೆಯ ವಿಷಯದಲ್ಲಿಯೂ ಒಂದು ಮಾತು: ಗಂಧದ ಹಸಿಯೂ ಹೂವಿನ ರಸವೂ ದೀಪದ ಕಾಡಿಗೆಯೂ ಮಂಗಳಕರವೇ ಆದರೂ ಉಕ್ಕಿಗೆ ಹಿತವಲ್ಲ, ಹಬ್ಬವಾದ ಕೂಡಲೆ ಅವುಗಳನ್ನು ಒರಸಿ ತೆಗೆಯುವುದರಲ್ಲಿ ಅವಿನಯವೇನೂ ಇಲ್ಲ.

ಕನ್ನಿಕೋಂಬರೆಯು ಸಾಮಾನ್ಯವಾಗಿ ನೈರುತ್ಯ ಮೂಲೆಯಲ್ಲಿರುವುದು. ಮುಂಗಾರು ಬೀಸುವುದೂ ಆ ದಿಕ್ಕಿನಿಂದಲೇ. ಹಳೆಯ ಐನ್‌ಮನೆಗಳಲ್ಲಿ ಗೋಡೆಗಳು ದಪ್ಪ, ಮಾಡಿನ ಇಳಿಜಾರು ಗೋಡೆಯನ್ನು ಮೀರಿ ಬಹಳ ಮುಂದೆ ಚಾಚಿಕೊಂಡಿರುವುದು. ಆದುದರಿಂದ ಗೋಡೆಯು ನೆನೆಯುತ್ತಿರಲಿಲ್ಲ, ಒಳಗಿನ ಉಷ್ಣತೆಯು ಹಗಲಿರುಳುಗಳ ನಡುವೆ ಹೆಚ್ಚು ಏರಿಳಿಯುತ್ತಲೂ ಇರಲಿಲ್ಲ. ಏರಿಳಿತವು ಕಡಮೆಯಾದಷ್ಟೂ ಇಬ್ಬನಿಯು ಕಡಮೆ. ಈಗಿನ ಮನೆಗಳಲ್ಲಿ ತೆಳ್ಳಗಿನ ಗೋಡೆ, ಮೋಟು ಚಾವಣಿ. ಆ ಮೂಲೆಯು ಮನೆಯಲ್ಲಿಯೇ ಅತ್ಯಂತ ತಣ್ಣನೆಯ ತೇವದ ಸ್ಥಳವಾಗಬಹುದು. ಸ್ಥಳದ ಹೆಸರು ಉಳಿದು ಗುಣವು ಬದಲಾಯಿಸಿದ ಉದಾಹರಣೆಯಿದು. ಪೂಜೆಗೆ ಆ ಕೋಣೆಯನ್ನೇ ಇಟ್ಟುಕೊಂಡು, ಮಳೆಗಾಲದ ವಾಸಕ್ಕೆ ಕೋವಿಯನ್ನು ನಾಲ್ಕು ಕಡೆಯೂ ಒಳಗೋಡೆಗಳಿರುವ ಕೋಣೆಗೆ ಸಾಗಿಸುವುದು ಲೇಸು. ಮಲೆನಾಡಿನವರು ಏನನ್ನಾದರೂ ಒಣಗಿಸಬೇಕಾದರೆ ಒಲೆಯ ಮೇಲಣ ಅಟ್ಟವನ್ನು ನೆನೆಯುವರು. ಅಲ್ಲಿ ಕೋವಿಯನ್ನಿಟ್ಟರೆ ತೇವದಿಂದ ಪಾರಾಗುವುದಾದರೂ ಕಟ್ಟಿಗೆಯ ಹೊಗೆಯಲ್ಲಿರುವ ಹುಳಿಯಾವಿಗೂ ಮಸಿಗೂ ಗುರಿಯಾಗುವುದು, ಹಿಡಿಯ ಮರವು ಸೀಳುವುದು; ಅಲ್ಲದೆ ಒಲೆಯ ಬಳಿಗೆ ಮದ್ದನ್ನು ಒಯ್ಯುವ ಅಭ್ಯಾಸಕ್ಕೆ ಎಡೆಯಾಗುವುದು. ಅದು ವರ್ಜ್ಯ.

ಹೊದಿಕೆಗಳ ವಿಷಯದಲ್ಲಿ ಇರುವ ತಪ್ಪು ತಿಳಿವಳಿಕೆಯು ಬಹಳ ವ್ಯಾಪಕವಾದುದು. ಚರ್ಮದ ಚೀಲವು ಬೆಲೆಯುಳ್ಳದ್ದೂ ನೋಟಕ್ಕೆ ಗಂಭೀರವೂ ಆಗಿರುವುದರಿಂದ ಕೋವಿಯನ್ನು ಅದರಲ್ಲಿಯೇ ವರ್ಷವೆಲ್ಲ ಇಡುವರು. ಹದಮಾಡಿದ ಚರ್ಮದಲ್ಲಿ ಲವಣವೂ ಆಮ್ಲವೂ ಉಳಿದಿರುವುವು; ಅದು ತೇವವನ್ನು ಹೀರಿ ಲೋಹಕ್ಕೆ ಒತ್ತಿಹಿಡಿಯುವುದು. ಕಂಬಳಿ, ಹತ್ತಿಯ ಬಟ್ಟೆಗಳ ಗುಣವೂ ಇದೇ. ಪ್ರಯಾಣಕ್ಕೆ ಚೀಲವು ತಕ್ಕುದು, ವಾಸಕ್ಕಲ್ಲ. ನಳಿಗೆಯ ಬಾಯಿಗೆ ಬಟ್ಟೆಯ ಬಿರಟೆಯನ್ನು ತುರುಕುವುದು ಇನ್ನೊಂದು ವಾಡಿಕೆ. ಕುಂಬಾರಹುಳವು ಒಳಗೆ ಮಣ್ಣಿನ ಗೂಡು ಕಟ್ಟದಿರಲೆಂಬ ಉದ್ದೇಶವು ಸರಿಯಾದುದೇ. ಆದರೆ ಬಿರಟೆಯ ಕೆಳಗೆ ತೇವವು ಸೆರೆಯಾಗಿ ಅದಿರುವೆಡೆಯಲ್ಲಿಯೇ ತುಕ್ಕಿನ ಬಳೆಯೊಂದು ಮೂಡುವುದು. ಅದಕ್ಕಿಂತಲೂ ಹೆಚ್ಚಾಗಿ, ಬಿರಟೆಯನ್ನು ಮರೆತು ಈಡು ಹಾರಿಸಿದರೆ ನಳಿಗೆಯು ಬಿರಿಯುವುದು. ನಯವಾದ ಜಾಲರಿಯ ತುಂಡೊಂದನ್ನು ಬಾಯಿಗೆ ಹೊರಗಿನಿಂದ ಕಟ್ಟಿ, ಎದ್ದು ಕಾಣುವ ಕೆಂಪು ದಾರವನ್ನು ಜೋಲಬಿಟ್ಟರೆ ಹುಳುವಿಗೂ ತಡೆ, ಮರೆವಿಗೂ ತಡೆ.

ತೆರೆದಿಡುವುದು ಲೋಹಕ್ಕೆ ಹಿತವಾದರೂ ಮನೆಗೆ ಹಿತವಲ್ಲ. ಗೋಡೆಯ ಗೂಟಕ್ಕೆ ತಗುಲಿಹಾಕಿದ ಕೋವಿಯು ಮಕ್ಕಳ ಕೈಗೂ ಕಳ್ಳನ ಕೈಗೂ ಕುಡಿದವನ ಕೈಗೂ ಸಿಕ್ಕತಕ್ಕುದು. ಆಯುಧವನ್ನು ಭದ್ರವಾಗಿ ಬೀಗದ ಕೆಳಗಿಡಬೇಕೆಂಬುದು ಶಾಸನಕ್ಕೂ ವಿವೇಕಕ್ಕೂ ಸಮ್ಮತವಾದುದು. ಮದ್ದು, ತೋಟೆಗಳನ್ನು ಬೇರೆಯಾಗಿ ಇಡಬೇಕೆಂಬುದೂ ಹಾಗೆಯೇ. ಆದುದರಿಂದ ಉಕ್ಕಿನ ಪೆಟ್ಟಿಗೆಯು ಅನಿವಾರ್ಯ. ಅನೇಕರು ಪೆಟ್ಟಿಗೆಯನ್ನು ಕೊಂಡು, ಅದನ್ನು ಹೊರಗೋಡೆಗೆ ಬಿಗಿದು, ಒಳಗೆ ಕೋವಿಯನ್ನಿಟ್ಟು ಬೀಗ ಹಾಕಿ, ಕೆಲವು ತಿಂಗಳು ಕಳೆದು ತೆರೆದು ನೋಡಿ ದಿಗ್ಭ್ರಮೆಗೊಳ್ಳುವುದಕ್ಕೆ ಕಾರಣವು ಮೇಲಣ ಲೆಕ್ಕದಲ್ಲಿಯೇ ಇದೆ. ಪೆಟ್ಟಿಗೆಯು ಗೋಡೆಯಷ್ಟೇ ತಣ್ಣಗಾಗುವುದು. ಒಳಗಿನ ಗಾಳಿಯು ಮಳೆಗಾಲದ ಗಾಳಿಯೇ. ಪರಿಹಾರವು ತೆರೆಯುವುದರಲ್ಲಿಲ್ಲ, ಒಳಗಿನ ಗಾಳಿಯನ್ನು ಪೆಟ್ಟಿಗೆಯೊಳಗೇ ತಿದ್ದುವುದರಲ್ಲಿದೆ. ಪೆಟ್ಟಿಗೆಯನ್ನು ಒಳಗೋಡೆಗೆ ಸೇರಿಸಿ, ಹಿಂದೆ ಎರಡು ಬೆರಳಿನಷ್ಟು ಗಾಳಿಯ ಸಂದನ್ನು ಬಿಟ್ಟು, ನೆಲದಿಂದ ಮರದ ಕಾಲುಗಳ ಮೇಲೆ ಎತ್ತಿ, ಒಳಗೆ ಕಾವುಕೋಲನ್ನಾಗಲಿ ತೇವಹೀರಿಯನ್ನಾಗಲಿ ಇಡತಕ್ಕದ್ದು. ವಿದ್ಯುತ್ತು ದಿನಗಟ್ಟಲೆ ಇಲ್ಲದಿರುವ ಮಳೆಗಾಲದ ಕೊಡಗಿನಲ್ಲಿ ಕಾವುಕೋಲನ್ನೊಂದನ್ನೇ ನಂಬುವಂತಿಲ್ಲ. ಸಿಲಿಕಾ ಜೆಲ್ ಎಂಬ ಹರಳುಗಳು ತೇವವನ್ನು ಹೀರಿ ತುಂಬಿದ ಮೇಲೆ ಒಲೆಯ ಕಾವಿನಲ್ಲಿ ಒಣಗಿಸಿದರೆ ಮತ್ತೆ ಕೆಲಸಕ್ಕೆ ಬರುವುವು. ಒಣಗಿಸದೆ ಬಿಟ್ಟರೆ ಅವು ಬರಿಯ ಕಲ್ಲಿನ ಚೂರುಗಳು. ಸುಟ್ಟ ಸುಣ್ಣವೂ ತೇವವನ್ನು ಎಳೆಯುವುದಾದರೂ ಅದರ ಪುಡಿಯು ಹಾರುವುದು, ಕಣ್ಣನ್ನೂ ಮರವನ್ನೂ ತಿನ್ನುವುದು. ಉಪಾಯಾಂತರವಿದ್ದಾಗ ಅದನ್ನು ಬಿಡುವುದೇ ಮೇಲು. ಕೆಲವೇ ರೂಪಾಯಿಗಳಿಗೆ ದೊರೆಯುವ ಆರ್ದ್ರತಾಮಾಪಕವೊಂದು ಪೆಟ್ಟಿಗೆಯಲ್ಲಿದ್ದರೆ ಊಹೆಯ ಅವಶ್ಯಕತೆಯೇ ಇರುವುದಿಲ್ಲ.

ಎಣ್ಣೆಯ ವಿಷಯವು ಸಂಕ್ಷೇಪವಾಗಿ ಹೇಳಬಹುದಾದುದು. ಮನೆಯಲ್ಲಿರುವುದೆಂದು ಕೊಬ್ಬರಿ ಎಣ್ಣೆಯನ್ನು ಹಚ್ಚುವವರುಂಟು. ಅದು ಕಾಲಕ್ರಮದಲ್ಲಿ ಕಮಟಿ ಹುಳಿಯಾಗುವುದು. ಆ ಹುಳಿಯೇ ಹಿತ್ತಾಳೆಯ ಭಾಗಗಳ ಮೇಲೆ ಹಸುರು ಕಿಲುಬನ್ನು ಎಬ್ಬಿಸುವುದು. ಅದಲ್ಲದೆ ಸುಮಾರು ೨೪ ಡಿಗ್ರಿಯ ಕೆಳಗೆ ಹೆಪ್ಪುಗಟ್ಟುವುದರಿಂದ ಕೊಡಗಿನ ಚಳಿಯಲ್ಲಿ ಕುದುರೆಯೂ ಕಮಾನೂ ಜಡವಾಗುವುವು. ಅಗಸೆಯೆಣ್ಣೆಯು ಮರದ ಹಿಡಿಗೆ ಉತ್ತಮ, ಯಂತ್ರಭಾಗಕ್ಕೆ ಅಧಮ. ಅದು ಒಣಗಿ ಅಂಟಾಗುವುದು. ಲೋಹಕ್ಕೆ ಖನಿಜತೈಲವೇ ಯೋಗ್ಯ, ಅದೂ ತೆಳುವಾಗಿ. ಹೆಚ್ಚು ಸುರಿದರೆ ಕಾಪು ಹೆಚ್ಚುವುದಿಲ್ಲ. ಧೂಳು ಹಿಡಿಯುವುದು, ಹಿಡಿಯೊಳಕ್ಕೆ ಇಳಿದು ಮರವನ್ನು ಮೆತ್ತಗೆ ಮಾಡುವುದು. ಬಹುಕಾಲ ನೆಟ್ಟಗೆ ನಿಲ್ಲಿಸುವುದಾದರೆ ನಳಿಗೆಯ ಬಾಯಿ ಕೆಳಗಿರುವಂತೆ ನಿಲ್ಲಿಸುವುದು ಈ ಕಾರಣದಿಂದಲೇ. ಕೈಯ ಬೆವರಿನಲ್ಲಿ ಉಪ್ಪೂ ಹುಳಿಯೂ ಇರುವುದರಿಂದ, ನೋಡಲು ಬಂದ ನೆಂಟರೆಲ್ಲ ಮುಟ್ಟಿದ ಕೋವಿಯನ್ನು ಅವರು ಹೋದ ಬಳಿಕ ಒಮ್ಮೆ ಒರಸದೆ ಒಳಗಿಡಕೂಡದು.

ಹಾರಿಸತಕ್ಕ ಕೋವಿಗೂ ಉಳಿಸತಕ್ಕ ಕೋವಿಗೂ ಭೇದವುಂಟು. ಅನೇಕ ಐನ್‌ಮನೆಗಳಲ್ಲಿ ಒಡಿಕತ್ತಿ ಪೀಚೆಕತ್ತಿಗಳ ಜೊತೆಗೆ ಇನ್ನೆಂದಿಗೂ ಹಾರಿಸಲಾಗದ ಹಳೆಯ ಕೋವಿಗಳಿರುವುವು. ಇವು ಆಯುಧಗಳಾಗಿ ನಿವೃತ್ತವಾದುವು. ಚರಿತ್ರೆಯ ಸಾಧನಗಳಾಗಿ ಈಗ ಬೆಲೆಗೆ ಬಂದುವು. ಇಂಗ್ಲೆಂಡಿನಲ್ಲಿ ತಯಾರಾದ ನಳಿಗೆಗಳ ಅಡಿಯಲ್ಲಿ ಲಂಡನ್ನಿನ ಅಥವಾ ೧೮೧೩ರಲ್ಲಿ ಸ್ಥಾಪಿತವಾದ ಬರ್ಮಿಂಗ್‌ಹ್ಯಾಮಿನ ಪರೀಕ್ಷಾಗೃಹದ ಮುದ್ರೆಗಳಿರುವುವು. ಮುದ್ರೆಯ ಆಕಾರವು ಕಾಲಕಾಲಕ್ಕೆ ಬದಲಾಗಿರುವುದರಿಂದ ಕೋವಿಯು ಯಾವ ಅವಧಿಯದೆಂಬುದು ಅದರಿಂದ ಗೊತ್ತಾಗುವುದು. ಮಾಡಿದವನ ಹೆಸರೂ, ಒಮ್ಮೊಮ್ಮೆ ಒಡೆಯನ ಗುರುತೂ ಕೊರೆದಿರುವುದುಂಟು. ಮನೆತನದ ಕಾಗದಪತ್ರಗಳನ್ನು ಗೆದ್ದಲು ತಿಂದಿರುವೆಡೆಯಲ್ಲಿ ಈ ಕೆಲವು ಅಕ್ಷರಗಳೇ ಉಳಿದ ಲಿಖಿತ. ಹಬ್ಬದ ಮುನ್ನಾದಿನ ಮರಳುಕಾಗದದಿಂದಲೋ ಇಟ್ಟಿಗೆಪುಡಿಯಿಂದಲೋ ಬೆಳ್ಳಗೆ ಬೆಳಗುವ ಉತ್ಸಾಹದಲ್ಲಿ ಮೊದಲು ಅಳಿಯುವುವು ಇವೇ.

ಹಳೆಯ ನಳಿಗೆಗಳ ಕಂದುಬಣ್ಣವನ್ನು ಎಲ್ಲೆಡೆಯಲ್ಲಿಯೂ ಕೊಳೆಯೆಂದು ತಿಳಿಯಲಾಗದು. ಹಿಂದಿನ ಕೋವಿಗಾರರು ಬೇಕೆಂದೇ ಹದವಾದ ತುಕ್ಕನ್ನು ಬರಿಸಿ, ಉಜ್ಜಿ, ಮತ್ತೆ ಬರಿಸಿ, ಆ ಕಂದನ್ನು ಮೇಲ್ಮೈಗೆ ಕೂರಿಸುತ್ತಿದ್ದರು. ಅದೇ ತುಕ್ಕನ್ನು ಕುದಿನೀರಿನಲ್ಲಿ ಬೇಯಿಸಿದರೆ ಅದು ಕಪ್ಪುನೀಲಿಯ ಬೇರೊಂದು ಆಕ್ಸೈಡಾಗಿ ಮಾರ್ಪಟ್ಟು ಇನ್ನಷ್ಟು ದೃಢವಾಗಿ ನಿಲ್ಲುವುದು. ಬೆರಳಿಗೆ ಪುಡಿಯಾಗಿ ಹತ್ತುವ ಕಿತ್ತಳೆಗೆಂಪು ಜೀವಂತವಾದ ತುಕ್ಕು. ನುಣುಪಾಗಿ, ಗಟ್ಟಿಯಾಗಿ, ಕೈಗೆ ಹತ್ತದ ಕಂದು ಬಹುಮಟ್ಟಿಗೆ ಕೋವಿಗಾರನ ಕೈಕೆಲಸ. ಮೊದಲನೆಯದನ್ನು ಎಣ್ಣೆಯಲ್ಲಿ ನೆನೆಸಿದ ಬಟ್ಟೆಯಿಂದಲೂ, ತೀರ ಗಟ್ಟಿಯಾದೆಡೆ ತಾಮ್ರದ ಅಥವಾ ಕೊಂಬಿನ ಮೊಂಡು ಸಲಾಕೆಯಿಂದಲೂ, ಅಡಿಯ ಲೋಹವನ್ನು ಗೀರದಂತೆ ಎತ್ತಬೇಕು. ಎರಡನೆಯದನ್ನು ಮುಟ್ಟಬಾರದು. ವಸ್ತುಸಂಗ್ರಹಾಲಯಗಳಲ್ಲಿ ಇಂತಹ ನಳಿಗೆಗಳಿಗೆ ಎಣ್ಣೆಗೆ ಬದಲಾಗಿ ಸೂಕ್ಷ್ಮಸ್ಫಟಿಕದ ಖನಿಜಮೇಣವನ್ನು ತೆಳುವಾಗಿ ಸವರುವರು. ಅದು ಒಣಗಿ ನಿಲ್ಲುವುದು, ಹರಿಯುವುದಿಲ್ಲ, ಧೂಳನ್ನು ಹಿಡಿಯುವುದಿಲ್ಲ, ಬೇಕಾದಾಗ ಕಳಚಿ ಬರುವುದು. ಮೇಣ ಹಚ್ಚುವುದಕ್ಕೆ ಮೊದಲು ನಳಿಗೆಯನ್ನು ಹಿಡಿಯಿಂದ ಬೇರ್ಪಡಿಸಿ, ಮರದಡಿಯಲ್ಲಿ ಮರೆಯಾಗಿದ್ದ ಭಾಗವನ್ನು ಬೆಳಕಿಗೆ ಓರೆಯಾಗಿ ಹಿಡಿದು, ಕಂಡ ಮುದ್ರೆ ಅಕ್ಷರಗಳನ್ನೆಲ್ಲ ಕಾಗದದ ಮೇಲೆ ಬರೆದಿಟ್ಟುಕೊಳ್ಳತಕ್ಕದ್ದು. ತುಕ್ಕು ಮೊದಲು ಸೇರುವುದೂ ಆ ಮರೆಯ ಭಾಗವನ್ನೇ.